ಅಲೆಕೊಳವು ಸಮುದ್ರವೇ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರಿಕೆ

ಪ್ರವಾಸ ವಿಭಾಗದ ವ್ಯವಸ್ಥಾಪಕರಿಗೆ,
ಗುಲಗಂಜಿ ಮೋಜುಲೋಕ, ಮೈಸೂರು ಹೊರವಲಯ.

ಮಾನ್ಯರೇ,

ಸಮುದ್ರವೇ ಇಲ್ಲದ ನಮ್ಮ ಜಿಲ್ಲೆಯಲ್ಲಿ ಕೊಳ ಕಟ್ಟಿಸಿ, ಅರ್ಧ ಗಂಟೆಗೊಮ್ಮೆ ಸೈರನ್ ಊದಿಸಿ ಅಲೆ ಎಬ್ಬಿಸುತ್ತಿರುವ ತಮ್ಮ ಸಾಹಸಕ್ಕೆ ನಂಜನಗೂಡಿನ ರಂಜನಿಯ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ, ಕಳೆದ ಅಮಾವಾಸ್ಯೆಯಂದು ತಮ್ಮ ವ್ಯಾನಿನಲ್ಲಿ ಹದಿನಾಲ್ಕು ಗಂಟೆ ಕುಳಿತದ್ದರಿಂದ ಸೊಂಟ ಮಾತ್ರ ಇನ್ನೂ ಸ್ವಸ್ಥಾನಕ್ಕೆ ಬಂದಿಲ್ಲ.

ತಮ್ಮ ಜಾಲತಾಣದಲ್ಲಿ 'ಮೋಜುಲೋಕದಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ನಾಲ್ಕು ಬೀಚ್‌ಗಳು' ಎಂಬ ಪುಟವಿದೆ. ಅದು ಇಂಗ್ಲಿಷಿನಲ್ಲಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳೆಂಬ ಕಾರಣಕ್ಕೆ ಅದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. 'ಕಾರಿನಲ್ಲಿ ಹೋಗಬಹುದಾದಷ್ಟು ದೂರ' ಎಂದು ತಾವು ಬರೆದಿದ್ದನ್ನು ನಾನು ಉತ್ಸಾಹದಲ್ಲಿ 'ಇಲ್ಲೇ ಹತ್ತಿರ' ಎಂದು ಹೇಳಿಬಿಟ್ಟೆ. ಯೋಚಿಸಿದರೆ, ಕಾರಿನಲ್ಲಿ ಕಾಶ್ಮೀರಕ್ಕೂ ಹೋಗಬಹುದು. ಈ ತಪ್ಪಿನಲ್ಲಿ ನನ್ನ ಪಾಲೆಷ್ಟು, ತಮ್ಮದೆಷ್ಟು ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ಪುಟದ ಮೊದಲ ಮೂರು ಬೀಚ್‌ಗಳು ತಲಕಾಡಿನ ಮರಳು, ತಿರುಮಕೂಡಲು ನರಸೀಪುರದ ಸಂಗಮ ಮತ್ತು ನಮ್ಮೂರಿನ ಕಪಿಲಾ ತೀರ. ನರಸೀಪುರದಲ್ಲೇ ಹುಟ್ಟಿ ಬೆಳೆದ ನನ್ನ ಅತ್ತೆ ರಂಗನಾಯಕಿಯವರು ಇದನ್ನು ಕೇಳಿ ಬಹಳ ಸಂತೋಷಪಟ್ಟರು. ಹದಿನೆಂಟು ವರ್ಷ ತಾವು ಬಟ್ಟೆ ಒಗೆದದ್ದು ಬೀಚಿನಲ್ಲಿ ಎಂಬುದನ್ನು ಅವರಿಗೆ ಈವರೆಗೆ ಯಾರೂ ತಿಳಿಸಿರಲಿಲ್ಲವಂತೆ. ಆದರೆ ನಾಲ್ಕನೆಯದು ಕೋಳಿಕ್ಕೋಡಿನ ಕಡಲತೀರ, ನಿಜವಾದ ಉಪ್ಪುನೀರು, 'ನಾಲ್ಕು ಗಂಟೆಯ ಆಹ್ಲಾದಕರ ಪ್ರಯಾಣ' ಎಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಂದು ಸಲ ಓದು ಎಂದರು.

ಇಲ್ಲಿ ಅತ್ತೆಯವರ ವಿಷಯ ಸ್ವಲ್ಪ ಹೇಳಬೇಕು. ಅವರು ಹೆಡತಲೆಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವರು. ಪ್ರತಿ ವರ್ಷ ಕರಾವಳಿಯ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಅಲೆಗಳನ್ನು ಬರೆದವರು. ಸಮುದ್ರವನ್ನು ಮಾತ್ರ ನೋಡಿದವರಲ್ಲ. ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರದ ನೀರನ್ನು ಮುಟ್ಟಬಾರದೆಂಬುದು ಅವರ ತವರಿನ ಪದ್ಧತಿ. ಅಷ್ಟು ದೂರ ಹೋಗಿ ಮುಟ್ಟದೆ ಬರುವುದು ಸಮುದ್ರಕ್ಕೆ ಅವಮಾನವೆಂಬುದು ಅವರದೇ ಸೇರ್ಪಡೆ. ಶಾಲೆಯ ಪ್ರವಾಸಗಳು ಪಂಚಾಂಗ ನೋಡಿ ಹೊರಡುತ್ತಿರಲಿಲ್ಲವಾದ್ದರಿಂದ ಪ್ರತಿ ಸಲವೂ ಮಕ್ಕಳನ್ನು ಬಸ್ಸು ಹತ್ತಿಸಿ ಕೈಬೀಸಿ ಮನೆಗೆ ಬರುತ್ತಿದ್ದರು. ಈಗ ಅವರಿಗೆ ಎಪ್ಪತ್ನಾಲ್ಕು. ತಾನು ನೋಡದ್ದನ್ನು ಅಷ್ಟು ಮಕ್ಕಳಿಗೆ ಕಂಡವಳಂತೆ ಹೇಳಿದ್ದು ಸರಿಯಿತ್ತೇ ಎಂದು ಒಮ್ಮೊಮ್ಮೆ ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಾರೆ.

ಹೀಗಾಗಿ ನಾವು ಅಮಾವಾಸ್ಯೆಗೇ ಹೊರಟೆವು. ಪ್ರವಾಸಿಗರು ಮೋಜುಲೋಕದ ಬಾಗಿಲಿನಲ್ಲೇ ವ್ಯಾನು ಹತ್ತಬೇಕೆಂಬ ತಮ್ಮ ನಿಯಮ ಅತ್ಯಂತ ಶಿಸ್ತಿನದು. ನಮ್ಮ ಮನೆ ಸಮುದ್ರಕ್ಕೆ ಹೋಗುವ ರಸ್ತೆಯ ಮೇಲೇ ಇದ್ದರೂ, ನಾವು ಬೆಳಗಿನ ಐದಕ್ಕೆ ಎದ್ದುಬಿದ್ದು ಸಮುದ್ರಕ್ಕೆ ಬೆನ್ನು ಹಾಕಿ, ಮೈಸೂರು ದಾಟಿ, ಆರಕ್ಕೆ ಸರಿಯಾಗಿ ತಮ್ಮ ಬಾಗಿಲು ಸೇರಿದೆವು. ಅಲ್ಲಿ ಚಾಲಕ ಮಲ್ಲಿಕಾರ್ಜುನ್ ವ್ಯಾನಿನ ಟೈರುಗಳಿಗೆ ವಿಭೂತಿ ಬಳಿಯುತ್ತಿದ್ದರು. ಪಕ್ಕದಲ್ಲಿ ನಿಂಬೆಹಣ್ಣು, ಬೂದುಗುಂಬಳಕಾಯಿ. ನನ್ನ ಪತಿ ಜಯತೀರ್ಥ ಗಡಿಯಾರ ತೋರಿಸಿದರು.

"ಅಮಾಸೆ ದಿನ ಪೂಜೆ ಆಗ್ದೆ ಗಾಡಿ ಎತ್ತಕಿಲ್ಲ ಸಾ," ಎಂದರು ಮಲ್ಲಿಕಾರ್ಜುನ್. "ಪೂಜಾರಪ್ಪ ಇನ್ನೂ ನಾಕು ಗಾಡಿ ಮುಗುಸ್ಕಂಡು ಬರ್ಬೇಕು."

ಅಮಾವಾಸ್ಯೆಯೇ ಬೇಕೆಂದು ಹಟ ಹಿಡಿದವರು ನಾವಾದ್ದರಿಂದ ಆಕ್ಷೇಪಿಸುವ ಬಾಯಿ ನಮಗಿರಲಿಲ್ಲ. ಅತ್ತೆಯವರಂತೂ, ಆತ ಮಾಡುತ್ತಿರುವುದೇ ಸರಿ ಎಂದು ಮಗನನ್ನೇ ಗದರಿ, ತಮ್ಮ ಚೀಲದಿಂದ ಕರ್ಪೂರ ತೆಗೆದುಕೊಟ್ಟರು. ಕುಂಬಳಕಾಯಿ ಒಡೆದು ಹೊರಟಾಗ ಏಳೂಮುಕ್ಕಾಲು. ಎಂಟೂಮುಕ್ಕಾಲಿಗೆ ವ್ಯಾನು ನಮ್ಮ ಮನೆಯ ಮುಂದೆಯೇ ಹಾದುಹೋಗುವಾಗ ರಸ್ತೆಯುಬ್ಬಿಗೆ ನಿಧಾನವಾಯಿತು. ಬೆಳಗ್ಗೆ ನಮ್ಮನ್ನು ಬೀಳ್ಕೊಟ್ಟಿದ್ದ ಎದುರು ಮನೆಯ ಕೋಮಲ ಕಾಂಪೌಂಡಿನಿಂದ ಇಣುಕಿ, "ಏನ್ ಮೇಡಮ್ಮಾರೇ, ಆಗ್ಲೇ ನೋಡ್ಕಂಡು ಬಂದ್ಬುಟ್ರಾ?" ಎಂದು ಕೇಳಿದರು. ಅವರಿಗೆ ಕೊಡಬಹುದಾದ ಉತ್ತರದ ಮಾದರಿಯೊಂದನ್ನು ತಾವು ಜಾಲತಾಣದಲ್ಲಿ ಪ್ರಕಟಿಸಿದರೆ ಮುಂದಿನವರಿಗೆ ಉಪಕಾರವಾದೀತು.

ಮುಂದಿನದನ್ನು ಬೇಗ ಹೇಳುತ್ತೇನೆ. ಗುಂಡ್ಲುಪೇಟೆ ದಾಟಿ, ಕಾಡು ದಾಟಿ, ವಯನಾಡಿನ ಘಾಟಿಯ ನೆತ್ತಿ ತಲುಪಿದಾಗ ಮಧ್ಯಾಹ್ನ ಒಂದೂವರೆ. ಕೆಳಗಿನ ತಿರುವಿನಲ್ಲಿ ಲಾರಿಯೊಂದು ಸಿಕ್ಕಿಕೊಂಡಿತ್ತು. ಎರಡು ಗಂಟೆ ನಿಂತಲ್ಲೇ ನಿಂತೆವು; ಸಮುದ್ರದ ಎದುರು ಕುಳಿತು ತಿನ್ನಲೆಂದು ತಂದ ಮೊಸರನ್ನವನ್ನು ತಮಿಳುನಾಡಿನ ಸಿಮೆಂಟು ಲಾರಿಯ ಎದುರು ಕುಳಿತು ತಿಂದೆವು. ಮೂರೂವರೆಗೆ ಮಲ್ಲಿಕಾರ್ಜುನ್ ಬೆರಳು ಮಡಚಿ ಲೆಕ್ಕ ಹಾಕಿದರು: ಕಾಡಿನ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ಈಗ ಇಳಿದರೆ ಅಷ್ಟರೊಳಗೆ ಮರಳುವುದು ಸಾಧ್ಯವಿಲ್ಲ. ಅತ್ತೆ ಕಿಟಕಿಯಾಚೆ ಪಶ್ಚಿಮಕ್ಕೆ ನೋಡುತ್ತ, ಇನ್ನೆಷ್ಟು ದೂರ ಎಂದು ಕೇಳಿದರು. ಅರವತ್ತು ಕಿಲೋಮೀಟರು ಎಂದೆ. ಅವರು ತಲೆದೂಗಿ, ಸಮುದ್ರದ ನೀರಿಗೆಂದು ತಂದಿದ್ದ ತಂಬಿಗೆಯನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಇಟ್ಟರು. ಮಲ್ಲಿಕಾರ್ಜುನ್ ವ್ಯಾನನ್ನು ಊರಿನ ಕಡೆಗೆ ತಿರುಗಿಸಿದರು.

ಮರುದಿನ ತಮ್ಮ ಗ್ರಾಹಕ ಸೇವೆಯ ಹೆಣ್ಣುಮಗಳು ಬಹಳ ಮಧುರವಾಗಿ ಮಾತಾಡಿ, ಸಮುದ್ರ ತಲುಪದ ಪ್ರವಾಸಿಗರಿಗೆ ಷರತ್ತು ಹದಿನಾಲ್ಕರ ಪ್ರಕಾರ ತಮ್ಮ ಅಲೆಕೊಳದಲ್ಲಿ ಒಂದು ಗಂಟೆ ಉಚಿತವೆಂದೂ, ಅದನ್ನು ಸಮುದ್ರಕ್ಕೆ ಸಮಾನವೆಂದು ಪರಿಗಣಿಸಲಾಗುವುದೆಂದೂ ತಿಳಿಸಿ ಕೂಪನ್ ಕಳಿಸಿದರು. ಅದನ್ನು ಅತ್ತೆಯವರಿಗೆ ಹೇಳಿದೆ. ಅವರು, "ಅದು ಸಮುದ್ರವೇ ಆದ್ರೆ ಪರ್ವದಿನ ಬಿಟ್ಟು ಮುಟ್ಟೋ ಹಾಗಿಲ್ಲ, ರಂಜನಿ. ಸಮುದ್ರ ಅಲ್ಲದೇ ಹೋದ್ರೆ ನಂಗ್ಯಾಕದು?" ಎಂದರು.

ಈ ಪ್ರಶ್ನೆಗೆ ಉತ್ತರಿಸಬೇಕಾದವರು ತಾವೇ ಆದ್ದರಿಂದ ತಮಗೆ ಬರೆಯುತ್ತಿದ್ದೇನೆ. ತಮ್ಮ ಅಲೆಕೊಳವು ಸಮುದ್ರ ಹೌದೋ ಅಲ್ಲವೋ ಎಂಬುದನ್ನು ದಯಮಾಡಿ ಮೊಹರು ಹಾಕಿ ಲಿಖಿತವಾಗಿ ತಿಳಿಸಬೇಕು. ಹೌದಾದರೆ ಉಳಿದ ದಿನಗಳಲ್ಲಿ ಅದನ್ನು ಮುಚ್ಚಿ, ತಿಂಗಳಿಗೆ ಎರಡೇ ದಿನ ತೆರೆಯಬೇಕು. ಅಲ್ಲವಾದರೆ ಅರಬ್ಬೀ ಸಮುದ್ರವನ್ನು ನಮ್ಮೂರ ಪಕ್ಕದ ಚಿಕ್ಕಯ್ಯನಛತ್ರದವರೆಗಾದರೂ ಕರೆತರಬೇಕು. ನದಿಯನ್ನು ಬೀಚಾಗಿಸಿದ ತಮಗೆ ಅದೇನು ದೊಡ್ಡ ಕೆಲಸವಲ್ಲ.

ತಮ್ಮನ್ನು ಇಷ್ಟು ಹೊಗಳಿದ ಮೇಲೆ ಒಂದು ನಿಜವನ್ನೂ ಒಪ್ಪಿಕೊಳ್ಳಬೇಕು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಮತ್ತು ಜಯತೀರ್ಥ ನಾಲ್ಕು ಸಲ ಗೋವಾಕ್ಕೆ ಹೋಗಿದ್ದೇವೆ. ಪ್ರತಿ ಸಲವೂ, ಪರ್ವದಿನವಲ್ಲ, ಅಮ್ಮ ಹೇಗೂ ಬರುವುದಿಲ್ಲ ಎಂದುಕೊಂಡು ಹೊರಟೆವು. ಪಂಚಾಂಗ ನೋಡಿ ದಿನ ಗೊತ್ತುಮಾಡಲು ಎರಡು ನಿಮಿಷ ಸಾಕಿತ್ತು. ತಮ್ಮ ಪುಟದಲ್ಲಿ ಒಂದಕ್ಷರವೂ ನಿಜವಿಲ್ಲದಿದ್ದರೂ, ಆ ಎರಡು ನಿಮಿಷದ ಕೆಲಸವನ್ನು ನನ್ನಿಂದ ಮಾಡಿಸಿದ್ದು ಅದೇ. ಈ ಮಾತಿಗೆ ವ್ಯಂಗ್ಯದ ಅರ್ಥ ಹಚ್ಚಬೇಡಿ.

ಬರುವ ಹುಣ್ಣಿಮೆಗೆ ನಾವು ನಮ್ಮದೇ ಕಾರಿನಲ್ಲಿ, ಹಿಂದಿನ ದಿನವೇ ಹೊರಟು, ಕಡಲಿನ ಪಕ್ಕದಲ್ಲೇ ಎರಡು ರಾತ್ರಿ ತಂಗುತ್ತೇವೆ. ಅತ್ತೆಯವರು ಈಗಾಗಲೇ ಚೀಲ ತುಂಬಿದ್ದಾರೆ.

ತಮ್ಮ ವಿಶ್ವಾಸಿ,
ರಂಜನಿ ಜಯತೀರ್ಥ
ನಂಜನಗೂಡು

ತಾ.ಕ.: ತಮ್ಮ ಕೂಪನ್ ವ್ಯರ್ಥವಾಗಬಾರದೆಂದು ಅದನ್ನು ಮಲ್ಲಿಕಾರ್ಜುನ್ ಅವರ ಮನೆಯವರಿಗೆ ಕೊಟ್ಟೆವು. ಅಲೆಯ ಯಂತ್ರ ಕೆಟ್ಟಿದ್ದರಿಂದ ನೀರು ಕದಲಲಿಲ್ಲವಂತೆ, ಸೈರನ್ ಮಾತ್ರ ಅರ್ಧ ಗಂಟೆಗೊಮ್ಮೆ ತಪ್ಪದೆ ಊದಿತಂತೆ. ಅದನ್ನು ತಮ್ಮ ಪುಟದಲ್ಲಿ 'ಪ್ರಶಾಂತ ಸಾಗರ' ಎಂದು ಐದನೆಯ ಬೀಚಾಗಿ ಸೇರಿಸಿಕೊಳ್ಳಲು ನಮ್ಮ ಅಭ್ಯಂತರವಿಲ್ಲ.