ಆಟದೊಳಗೆ ಸದಾ ಮುಚ್ಚಿರುವ ನನ್ನ ಅಂಗಡಿಯ ಬಗ್ಗೆ

ವಿಡಿಯೊ ಗೇಮ್ ಕಂಪನಿಯ ಮಾನ್ಯ ಯಜಮಾನರೇ,

ಲೋಕದಲ್ಲಿ ಇಷ್ಟೊಂದು ಊರುಗಳಿರುವಾಗ ನಮ್ಮ ಈ ಜಗತ್ಪ್ರಸಿದ್ಧ ನಗರವನ್ನೇ ತಮ್ಮ ಹೊಸ ಆಟಕ್ಕೆ ಆರಿಸಿಕೊಂಡು, ಅದರಲ್ಲೂ ದೊಡ್ಡ ಗೋಪುರದ ಹಿಂದಿನ ನಮ್ಮ ಇಕ್ಕಟ್ಟಿನ ಬೀದಿಯನ್ನು ಕಿತ್ತುಹೋದ ಕಲ್ಲುಹಾಸಿನ ಸಮೇತ ಅದರೊಳಗೆ ಇಳಿಸಿದ ತಮಗೆ, ಅದೇ ಬೀದಿಯಲ್ಲಿ ಬ್ಯಾಗು, ಜಿಪ್ಪು ರಿಪೇರಿ ಮಾಡಿಕೊಂಡಿರುವ ನನ್ನ ಅನಂತಾನಂತ ವಂದನೆಗಳು.

ತಮ್ಮವರು ಬೀದಿಯ ಫೋಟೊ ತೆಗೆಯಲು ಬರುತ್ತಾರೆಂದು ತಿಳಿದ ದಿನ ನಾನು ಮಾಡಿದ ಘನಂದಾರಿ ಕೆಲಸವನ್ನು ಹೇಳಲೇಬೇಕು. ಜಗತ್ತೇ ನೋಡುವ ಮುಖ ಹೀಗಿದ್ದರೆ ಹೇಗೆಂದು ಶಟರ್ ಎಳೆದು, ಎದುರಿನ ಕ್ಷೌರದಂಗಡಿಗೆ ಹೋಗಿ, ತಲೆಗೆ ಬಣ್ಣ ಹಚ್ಚಿಸಿಕೊಂಡು, ಮುಖಕ್ಕೆ ನೊರೆ ಬಳಿಸಿಕೊಂಡು ಕಣ್ಣುಮುಚ್ಚಿ ಕೂತಿದ್ದಾಗ ತಮ್ಮವರು ಬಂದು, ಕೆಲಸ ಮುಗಿಸಿ, ಹೊರಟೇಹೋದರು. ಹೀಗಾಗಿ ತಮ್ಮ ಆಟದಲ್ಲಿ ಹಗಲಿರಲಿ, ಸಂಜೆಯಿರಲಿ, ನನ್ನ ಅಂಗಡಿಯ ಶಟರ್ ಎಳೆದೇ ಇರುತ್ತದೆ. ಎದುರಿನ ಗಾಜಿನೊಳಗೆ ಮಾತ್ರ ಒಂದು ನೊರೆಯ ಮುದ್ದೆ ಕೂತಿದೆ. ಅದು ನಾನೇ ಎಂದು ಎಷ್ಟು ಆಣೆ ಹಾಕಿದರೂ ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ಆಟದಲ್ಲಿ ಬರುತ್ತೇನೆಂದು ಊರೆಲ್ಲ ಡಂಗುರ ಸಾರಿದವನ ಗತಿ ಇದು!

ನಗೆಪಾಟಲಾದದ್ದಕ್ಕೆ ಬೇಸರವಿಲ್ಲ, ಅದು ನನಗೆ ರೂಢಿ. ಸಂಕಟ ನನ್ನ ಅಕ್ಕನದು. ಇದೇ ಅಂಗಡಿಯಲ್ಲಿ ನನಗೆ ಸೂಜಿ ಹಿಡಿಯಲು ಕಲಿಸಿದವಳು, ಈಗ ಸೊಂಟ ಮುರಿದುಕೊಂಡು ದೂರದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ. ಬೇಸರ ಕಳೆಯಲೆಂದು ಮಗಳು ತಮ್ಮ ಆಟ ಹಾಕಿಕೊಟ್ಟಿದ್ದಾಳೆ. ಉಳಿದವರೆಲ್ಲ ಅದರಲ್ಲಿ ಬಂದೂಕು ಹಿಡಿದು ಗೋಪುರ ಹತ್ತುತ್ತಿದ್ದರೆ, ಅಕ್ಕ ದಿನಾ ಸಂಜೆ ಗುಂಡಿ ಒತ್ತುತ್ತಾ ನೆಟ್ಟಗೆ ನನ್ನ ಅಂಗಡಿಗೆ ಬಂದು ಶಟರಿನ ಮುಂದೆ ನಿಲ್ಲುತ್ತಾಳಂತೆ. ಸಾಕು ಬಾಮ್ಮ ಎಂದು ಮಗಳು ಕರೆದರೆ, "ತಡಿಯೇ, ಇಲ್ಲೇ ಎಲ್ಲೋ ಹೋಗಿರ್ತಾನೆ, ಬರ್ಲಿ" ಅನ್ನುತ್ತಾಳಂತೆ. ಇದನ್ನು ಕೇಳಿದ ಮೇಲೆ ನನಗೆ ಕೆಲಸದಲ್ಲಿ ಕೈ ಓಡುತ್ತಿಲ್ಲ ಸ್ವಾಮಿ.

ಆದ್ದರಿಂದ, ಮಳೆ ಬಿಸಿಲುಗಳನ್ನೇ ಬೇಕಾದಂತೆ ಕುಣಿಸುವ, ಉರುಳಿಬಿದ್ದ ಗೋಪುರವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಎಬ್ಬಿಸಿ ನಿಲ್ಲಿಸುವ ತಾವು, ದಯಮಾಡಿ ಆ ಶಟರನ್ನು ಮೊಳದಷ್ಟಾದರೂ ಮೇಲೆತ್ತಿ, ಒಳಗೊಂದು ದೀಪ ಹಾಕಿ, ನನ್ನನ್ನು ಎದುರಿನ ಕುರ್ಚಿಯಿಂದ ಎಬ್ಬಿಸಿ, ಮುಖ ತೊಳೆಸಿ, ರಸ್ತೆ ದಾಟಿಸಿ ಅಕ್ಕನ ಮುಂದೆ ನಿಲ್ಲಿಸಬೇಕಾಗಿ ಪ್ರಾರ್ಥನೆ.

ಇಂತಿ,
ಅರ್ಧ ಕ್ಷೌರದಲ್ಲೇ ಜಗತ್ಪ್ರಸಿದ್ಧನಾದ ತಮ್ಮ ವಿಶ್ವಾಸಿ,
ಬ್ಯಾಗು ರಿಪೇರಿಯವನು

ತಾ.ಕ.: ನೀವೇ ಹೋಗಿ ಅಕ್ಕನನ್ನು ನೋಡಿಕೊಂಡು ಬರಬಾರದೇ ಎಂದು ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ, ಇದೇ ಮಾತು ಹೇಳಿ ಮನೆಯಾಕೆ ಆಗಲೇ ಚೆನ್ನಾಗಿ ಉಗಿದಿದ್ದಾಳೆ. ನಾಳೆ ಹೊರಟಿದ್ದೇನೆ. ಫೋಟೊದವರನ್ನು ಮತ್ತೆ ಕಳಿಸುವುದಿದ್ದರೆ ಸಂಕೋಚಪಡದೆ ನಾಳೆಯೇ ಕಳಿಸಿ. ಅಂಗಡಿ ತಮಗೆ ಬೇಕಾದ ಹಾಗೇ ಮುಚ್ಚಿರುತ್ತದೆ.