ಗೇಟಿನಲ್ಲಿ ಲಾರಿ ನಿಲ್ಲಬಾರದು

ಕಂಪ್ಯೂಟರ್ ನೋಡಿಕೊಳ್ಳುವವನ ಬಾಳಿನಲ್ಲಿ ಏನೂ ಆಗದ ದಿನ ಅಂತ ಇರುವುದಿಲ್ಲ. ಆಗಿದ್ದು ಇನ್ನೂ ಗೊತ್ತಾಗದ ದಿನ ಇರುತ್ತದೆ, ಅಷ್ಟೇ.

ತೊಂಬತ್ತರ ದಶಕದ ಕೊನೆಯ ಮಾತು. ಚಾಕಣದ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಸಿಸ್ಟಮ್ ಅಡ್ಮಿನ್ ಆಗಿ ಸೇರಿದ್ದೆ. ಇದ್ದದ್ದು ಒಂದೇ ಸರ್ವರ್. ಅದು ನಿಂತರೆ ಗೇಟ್ ಪಾಸ್ ಪ್ರಿಂಟ್ ಆಗುವುದಿಲ್ಲ, ಪಾಸಿಲ್ಲದೆ ಲಾರಿ ಹೊರಡುವುದಿಲ್ಲ. ಮೊದಲ ದಿನವೇ ಸಾಹೇಬರು ಬೆರಳೆತ್ತಿ ಮರಾಠಿಯಲ್ಲಿ ಹೇಳಿದರು: "ಆರು ತಿಂಗಳು ನೋಡ್ತೀನಿ. ನಿನ್ನಿಂದ ಒಂದು ಲಾರಿ ಗೇಟಿನಲ್ಲಿ ನಿಂತರೂ ಸಾಕು, ಏಳನೇ ತಿಂಗಳು ನೀನು ವಾಪಸ್ ನಿನ್ನ ಊರು ವಿಜಾಪುರದಲ್ಲಿ."

ಎಲ್ಲ ಭಾರವನ್ನೂ ದೇವರ ಮೇಲೆ ಹಾಕಿ ಬದುಕಿದವನು ನಾನು. ಆದರೂ ಅಂದಿನಿಂದ ಲಾರಿ ಹಾರ್ನ್ ಕೇಳಿದರೆ ಕಿಟಕಿಗೆ ಓಡಿ ಗೇಟು ನೋಡುತ್ತಿದ್ದೆ.

೧. ಬ್ಯಾಕಪ್ ಟೇಪನ್ನು ಸುರಕ್ಷಿತ ಜಾಗದಲ್ಲಿಡಿ

ಸರ್ವರಿನಲ್ಲಿರುವುದನ್ನೆಲ್ಲ ದಿನವೂ ಒಂದು ಟೇಪಿಗೆ ಇಳಿಸಿಕೊಂಡು ಕಾರ್ಖಾನೆಯ ಹೊರಗೆ ಇಡಬೇಕು ಅನ್ನುವುದು ನಮ್ಮ ಕೆಲಸದ ಮೊದಲ ಪಾಠ. ಬಿಬವೇವಾಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ದೇವರ ಗೂಡಿಗಿಂತ ಸುರಕ್ಷಿತ ಜಾಗ ಯಾವುದು? ಮೂರ್ತಿಗಳ ಪಕ್ಕದಲ್ಲೇ ಇಟ್ಟು ಕೈಮುಗಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಟೇಪಿಗೆ ಇರುವೆ ಮುತ್ತಿವೆ.

"ಇದಕ್ಕೇನು ಮಾಡಿದಿ?"

"ಒಂದ ಚಮಚ ಪಂಚಾಮೃತ ಹಾಕೀನ್ರಿ," ಅಂದಳು ಹೆಂಡತಿ. "ದೇವರ ಜೋಡಿ ಕೂಡಿಸಿದ್ರಿ, ಪೂಜಾಕ್ಕ ಅಂತ ತಿಳ್ಕೊಂಡೆ."

"ಅಯ್ಯ, ಅದರಾಗ ಇಡೀ ಕಾರ್ಖಾನಿ ಅದ!"

"ಹಂಗಾದ್ರ ಭಾಳ ಛಲೋ ಆತಲ್ರಿ. ಇಡೀ ಕಾರ್ಖಾನಿಗೆ ಅಭಿಷೇಕ ಆತು."

೨. ದಿನದಿನದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ

ಟೇಪು ಹಾಳಾದ ಹೆದರಿಕೆಗೆ ನಾನೇ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಸಂಜೆ ಐದಾದರೆ ಅದು ತಾನಾಗಿಯೇ ಎಲ್ಲವನ್ನೂ ಎರಡು ಕಡೆ ನಕಲು ಮಾಡಬೇಕು. ಮೊದಲ ಸಲ ಓಡಿಸುವಾಗ ಸಾಹೇಬರು ಬೆನ್ನ ಹಿಂದೆ ನಿಂತಿದ್ದರು. ದೇವರನ್ನು ನೆನೆದು ಎಂಟರ್ ಒತ್ತಿದೆ.

ಪರದೆ ಮೇಲೆ ಬಂತು: "ಬ್ಯಾಡ್ ಕಮಾಂಡ್."

"ಏನು ಬರೆದಿದ್ದೀಯ ಅಲ್ಲಿ?" ಸಾಹೇಬರ ಹುಬ್ಬು ಮೇಲೇರಿತು.

ನೋಡಿದರೆ ಮೊದಲ ಸಾಲು 'ಶ್ರೀ ಗಣೇಶಾಯ ನಮಃ'. ಕಾಗದವಿರಲಿ, ಕಿರಾಣಿ ಚೀಟಿಯಿರಲಿ, ಅದನ್ನು ಬರೆಯದೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಅಲ್ಲೂ ಬರೆದುಬಿಟ್ಟಿದ್ದೆ. ಯಂತ್ರ ಅದನ್ನೂ ಒಂದು ಅಪ್ಪಣೆ ಅಂತ ತಿಳಿದು ಗಾಬರಿಯಾಗಿತ್ತು.

"ಅಳಿಸಿಬಿಡು," ಅಂದರು ಸಾಹೇಬರು.

ಗಣಪತಿಯನ್ನು ನಾನು ಹೇಗೆ ಅಳಿಸಲಿ? ಯಂತ್ರ ಓದದೆ ದಾಟಿಹೋಗಲಿ ಅಂತ ಆ ಸಾಲಿನ ಮುಂದೆ ಹಾಕುವ ಗುರುತೊಂದಿದೆ, ಅದನ್ನು ಹಾಕಿದೆ. ಪ್ರೋಗ್ರಾಂ ಸರಾಗ ಓಡಿತು. ಸಾಹೇಬರು ಬಗ್ಗಿ ಮೆಲ್ಲಗೆ ಕೇಳಿದರು: "ಈಗ ಗಣಪತಿಗೆ ಸಿಟ್ಟು ಬರಲ್ಲ ತಾನೆ?"

೩. ಸರ್ವರಿಗೆ ನೀರು ತಗುಲದಂತೆ ಮುಚ್ಚಿಡಿ

ಆರನೇ ತಿಂಗಳ ಕೊನೆಗೆ ಖಂಡೇನವಮಿಯ ಆಯುಧಪೂಜೆ ಬಂತು. ಕಾರ್ಖಾನೆಯ ಯಂತ್ರಗಳಿಗೆಲ್ಲ ಚೆಂಡುಹೂವಿನ ಹಾರ, ಅರಿಶಿನ, ಕುಂಕುಮ. ಪೂಜೆಗೆ ನಮ್ಮ ಓಣಿಯ ಆಚಾರ್ಯರನ್ನು ನಾನೇ ಕರೆತಂದಿದ್ದೆ. ಅವರು ತೀರ್ಥ ಪ್ರೋಕ್ಷಣೆ ಮಾಡುವುದು ಧಾರಾಳ. ಅದಕ್ಕೇ ಸರ್ವರಿಗೆ ಮೊದಲೇ ನನ್ನ ರೇನ್‌ಕೋಟ್ ಹೊದಿಸಿದೆ. ಪಕ್ಕದ ಮೇಜಿನ ಮೇಲೆ ಸಾಹೇಬರು ದೇವಿಯ ಫೋಟೋ ಇಟ್ಟು, ಸುತ್ತ ಮಿಣುಕು ದೀಪದ ಸರ ಕಟ್ಟಿದರು.

ಆರತಿ ನಡೆಯುತ್ತಿರುವಾಗ ಕರೆಂಟು ಹೋಯಿತು. ಫ್ಯಾನ್ ನಿಂತಿತು, ಟ್ಯೂಬ್‌ಲೈಟ್ ಆರಿತು. ದೇವಿಯ ಸುತ್ತಲಿನ ದೀಪಗಳು ಮಾತ್ರ ಮಿಣಮಿಣ ಉರಿಯುತ್ತಲೇ ಇದ್ದವು!

"ಚಮತ್ಕಾರ!" ಅಂದರು ಸಾಹೇಬರು. ಎಲ್ಲರೂ ಕೈಮುಗಿದರು. ನನಗಂತೂ ಕಣ್ಣೀರೇ ಬಂತು. ತಾಯೀ, ಈ ಬಡವನ ಆರು ತಿಂಗಳು ಮುಗಿಯುವಾಗ ದರ್ಶನ ಕೊಟ್ಟೆಯಾ, ಅಂದುಕೊಂಡೆ.

ಕಣ್ಣು ಒರೆಸಿಕೊಳ್ಳುವಾಗ ತಲೆಗೆ ಹೊಳೆಯಿತು. ಕರೆಂಟು ಹೋದರೂ ಜೀವ ಹಿಡಿದಿರುವುದು ಈ ಕಾರ್ಖಾನೆಯಲ್ಲಿ ಒಂದೇ: ಯುಪಿಎಸ್ ಬ್ಯಾಟರಿ. ಅದಕ್ಕಿರುವುದು ಎರಡೇ ಪ್ಲಗ್ ಜಾಗ. ಒಂದು ಪ್ರಿಂಟರಿಗೆ. ಇನ್ನೊಂದು...

ರೇನ್‌ಕೋಟ್ ಎತ್ತಿದೆ. ಸರ್ವರ್ ತಣ್ಣಗೆ ಮಲಗಿತ್ತು.

"ಇದರ ಪ್ಲಗ್ ಯಾರು ತೆಗೆದರು?"

ಸಾಹೇಬರು ಆರತಿ ತಟ್ಟೆ ಹಿಡಿದುಕೊಂಡೇ ಅಂದರು: "ನಾನೇ. ದೀಪ ಆರಬಾರದು ಅಂತ."

ಅಷ್ಟರಲ್ಲಿ ಗೇಟಿನಲ್ಲಿ ಹಾರ್ನ್. ಲಾರಿ ಬಂದು ನಿಂತಿತ್ತು, ಡ್ರೈವರ್ ಪಾಸ್ ಕೇಳುತ್ತಿದ್ದ. ನಡುವೆ ಆರಿದ ಸರ್ವರ್ ಮತ್ತೆ ಏಳುವಾಗ ಇಡೀ ಡಿಸ್ಕನ್ನು ತಪಾಸಣೆ ಮಾಡಿಕೊಂಡೇ ಏಳುತ್ತದೆ. ಇಪ್ಪತ್ತು ನಿಮಿಷವಾದರೂ ಬೇಕು. ನಾನು ಸಾಹೇಬರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ದೀಪದ ಸರ ಕಿತ್ತು ಸರ್ವರನ್ನೂ, ಸದ್ಯಕ್ಕೆ ಪ್ರಿಂಟರ್ ಕಿತ್ತು ಪರದೆಯನ್ನೂ ಯುಪಿಎಸ್‌ಗೆ ಸಿಕ್ಕಿಸಿದೆ.

"ಲಾರಿ ನಿಂತಿಲ್ಲ," ಅಂದರು ಸಾಹೇಬರು ದೃಢವಾಗಿ. "ಲಾರಿಗೆ ಪೂಜೆ ನಡೆಯುತ್ತಿದೆ. ಮಹಾರಾಜ್, ಚಲಾ!"

ಆಚಾರ್ಯರನ್ನು ಗೇಟಿಗೆ ಹೊರಡಿಸಿಯೇಬಿಟ್ಟರು. ಡ್ರೈವರಿಗೆ ಪರಮಾನಂದ, ಅವನ ಲಾರಿಗೆ ಅಂಥ ಮರ್ಯಾದೆ ಯಾರೂ ಮಾಡಿರಲಿಲ್ಲ. ನಾಲ್ಕೂ ಕಡೆ ನಿಂಬೆಹಣ್ಣು, ಮುಂದೆ ಕಾಯಿ, ಗಾಜಿಗೆ ಸ್ವಸ್ತಿಕ. ಒಂದೊಂದು ಮಂತ್ರ ಮುಗಿದಾಗಲೂ ಸಾಹೇಬರು "ಇನ್ನೊಂದು, ಇನ್ನೊಂದು" ಅನ್ನುತ್ತಿದ್ದರು. ಒಳಗೆ ನಾನು ಪರದೆಯ ಮುಂದೆ ಎಣಿಸುತ್ತಿದ್ದೆ: ಎಪ್ಪತ್ತು ಪರ್ಸೆಂಟ್, ಎಪ್ಪತ್ತೊಂದು...

ಆಗ ಕಿಟಕಿಯ ಹೊರಗಿಂದ ಆಚಾರ್ಯರ ದನಿ ಕೇಳಿತು:

"ಏನ್ರೀ, ನಿಮ್ಮ ಮಷೀನ್ ಎದ್ದತೇನ್ರಿ? ಮಂಗಳ ಮಂತ್ರ ಎಲ್ಲಾ ಮುಗದಾವು! ಇನ್ನ ನನಗ ಬರೋದು ಬರೇ ಶ್ರಾದ್ಧದ್ದು. ಶುರು ಮಾಡ್ಲೇನು?"