ಪ್ರಿಂಟರ್ ಗುಂಪಿನ ಹೊಸ ಸದಸ್ಯ

ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗಕ್ಕೆ ಹೊಸ ಪ್ರಿಂಟರ್ ಬಂದದ್ದೇ ನಮ್ಮ ಕಂಪ್ಯೂಟರ್ ಸಾಹೇಬನ, ಅಂದರೆ ಅಲ್ಲಿನ ಕಂಪ್ಯೂಟರುಗಳ ನಿರ್ವಾಹಕನ, ಗ್ರಹಚಾರಕ್ಕೆ ಕಾರಣ. ಕಂಪ್ಯೂಟರಿನ ‘ಪ್ರಿಂಟರ್ ಗುಂಪಿ’ನಲ್ಲಿ ಹೆಸರಿದ್ದವರ ಮಾತನ್ನಷ್ಟೇ ಆ ಪ್ರಿಂಟರ್ ಕೇಳುತ್ತಿತ್ತು. ವರದಿ ಮುದ್ರಿಸುವ ತಂತ್ರಾಂಶವನ್ನು ದಿನವೂ ತನ್ನ ಹೆಸರಿನಲ್ಲೇ ಸ್ಕ್ರಿಪ್ಟ್ ಎಂಬ ಆದೇಶಗಳ ಪಟ್ಟಿ ಓಡಿಸಿ ಶುರುಮಾಡುತ್ತಿದ್ದವನು ಅವನು. ಗುಂಪಿನಲ್ಲಿ ಅವನ ಹೆಸರೇ ಇಲ್ಲ. ‘ಅನುಮತಿ ಇಲ್ಲ’ ಎಂದಿತು ಪರದೆ.

ಹೊರಗೆ ನಲವತ್ತು ರೋಗಿಗಳು ಕಾಯುತ್ತಿದ್ದರು. ಅವನು ಆರು ತಿಂಗಳು ಕಾದ ಮೇಲೆ ಕೆಲಸ ಕಾಯಂ ಆಗಬೇಕಾದ ದಿನ ಬೇರೆ ಅದು.

“ಹನ್ನೊಂದರೊಳಗೆ ರಿಪೋರ್ಟ್ ಬರ್ಲಿಲ್ಲ ಅಂದ್ರೆ ನಿಮ್ಮ ಫೈಲಿಗೆ ನಾನು ಸಹಿ ಹಾಕಲ್ಲ,” ಎಂದರು ಮೇಲ್ವಿಚಾರಕಿ. ಆಗಲೇ ಹತ್ತೂವರೆ.

ಗಡಿಬಿಡಿಯಲ್ಲಿ ಅವನು ನಿರ್ವಾಹಕನ ಅಧಿಕಾರದಿಂದ ಆದೇಶ ಕೊಟ್ಟು ತನ್ನನ್ನು ಪ್ರಿಂಟರ್ ಗುಂಪಿಗೆ ಹಾಕಿಕೊಂಡ. ಸ್ಕ್ರಿಪ್ಟ್ ಓಡಿಸಿದ. ಅನುಮತಿ ಇಲ್ಲ. ಮತ್ತೆ ಓಡಿಸಿದ. ಊಹೂಂ.

“ಎಲ್ರಿಗೂ ಎಲ್ಲಾ ಅನುಮತಿ ಕೊಟ್ಬಿಡಿ. ಯಾಕೀ ಭೇದಭಾವ?” ಎಂದಳು ರಕ್ತ ತೆಗೆಯುವಾಕೆ, ಸೂಜಿ ಹಿಡಿದುಕೊಂಡೇ.

“ವೈರ್ ಕಿತ್ತು ಮತ್ತೆ ಚುಚ್ಚಿ. ನಮ್ಮನೆ ಟಿವಿ ಹಾಗೇ ಸರಿಹೋಗಿದ್ದು,” ಎನ್ನುತ್ತ ಔಷಧಿ ಅಂಗಡಿಯವನು ಮೇಜಿನ ಕೆಳಗೆ ತೂರಿದ.

“ಅಯ್ಯೋ, ಕೈ ತೆಗೀರಿ ಅಣ್ಣಾ! ಇಡೀ ಆಸ್ಪತ್ರೆ ನಿಂತುಹೋಗುತ್ತೆ!” ಎಂದು ಸಾಹೇಬ ಕಿರುಚಿದ.

ಗಂಟೆ ಹತ್ತು ಐವತ್ತಮೂರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆಗ ತಟ್ಟನೆ ಹೊಳೆಯಿತು. ಯಾರು ಯಾವ ಗುಂಪಿನವರೆಂದು ಕಂಪ್ಯೂಟರ್ ನೋಡುವುದು ಒಳಗೆ ಬಿಡುವಾಗ ಮಾತ್ರ. ಅವನೋ ಬೆಳಿಗ್ಗೆಯೇ ಲಾಗಿನ್ ಆಗಿ ಕೂತವನು! ಲಾಗೌಟ್ ಆದ, ಹೊಸದಾಗಿ ಲಾಗಿನ್ ಆದ, ಸ್ಕ್ರಿಪ್ಟ್ ಓಡಿಸಿದ. ಪ್ರಿಂಟರ್ ಗುರುಗುಟ್ಟಿ ಮೊದಲ ವರದಿಯನ್ನು ಉಗುಳಿತು. ಎಲ್ಲರೂ ಚಪ್ಪಾಳೆ ಹೊಡೆದರು.

ಮೇಲ್ವಿಚಾರಕಿ ಅಲ್ಲೇ ಸಹಿ ಹಾಕಿದರು. “ಹಾಗೇ ಎಕ್ಸ್‌ರೇಯವರ ಪ್ರಿಂಟರ್ರೂ ಜೋಡಿಸಿಬಿಡಿ.”

“ಅದೇನ್ ಮಹಾ ಮೇಡಂ, ಎರಡೇ ನಿಮಿಷ,” ಎಂದು ಅವನು ಜಂಬದಿಂದ ಕೀಲಿಮಣೆ ಕುಟ್ಟಿದ.

‘ನೀವು ನಿರ್ವಾಹಕರ ಗುಂಪಿನಲ್ಲಿಲ್ಲ. ಈ ಪ್ರಯತ್ನವನ್ನು ವರದಿ ಮಾಡಲಾಗಿದೆ.’

ತಾನು ಆಗ ಕೊಟ್ಟಿದ್ದ ಆದೇಶವನ್ನು ಅವನು ಮತ್ತೆ ತೆಗೆದು ನೋಡಿದ. ತನ್ನನ್ನು ಪ್ರಿಂಟರ್ ಗುಂಪಿಗೆ ಸೇರಿಸುವಾಗ ‘ಇರುವ ಗುಂಪುಗಳ ಜೊತೆಗೆ’ ಎಂದು ಹೇಳುವುದನ್ನು ಗಡಿಬಿಡಿಯಲ್ಲಿ ಮರೆತಿದ್ದ. ಕಂಪ್ಯೂಟರ್ ಅವನನ್ನು ಉಳಿದೆಲ್ಲ ಗುಂಪುಗಳಿಂದ ಕಿತ್ತು ಪ್ರಿಂಟರ್ ಗುಂಪೊಂದರಲ್ಲೇ ಕೂರಿಸಿತ್ತು. ಮತ್ತೆ ಸೇರಿಸಬೇಕೆಂದರೆ ನಿರ್ವಾಹಕನೇ ಬೇಕು. ಇಡೀ ಆಸ್ಪತ್ರೆಗೆ ಇದ್ದ ನಿರ್ವಾಹಕ ಅವನೊಬ್ಬನೇ.

ಅಷ್ಟರಲ್ಲಿ ಮೇಲ್ವಿಚಾರಕಿಯ ಫೋನ್ ಕುಂಯ್‌ಗುಟ್ಟಿತು. ಅದನ್ನು ಓದಿದ ಅವರ ಮುಖ ಕೆಂಪಾಯಿತು.

“ಯಾರೋ ಅಧಿಕಾರ ಇಲ್ದೋನು ನಮ್ಮ ಕಂಪ್ಯೂಟರಿಗೆ ನುಗ್ಗೋಕೆ ನೋಡಿದಾನಂತೆ! ಕಾಯಂ ಆದ್ಮೇಲೆ ಇದೇ ನಿಮ್ಮ ಮೊದಲ ಕೆಲಸ. ಸಂಜೆಯೊಳಗೆ ಆ ಕಳ್ಳನ್ನ ತಂದು ನನ್ನ ಮುಂದೆ ನಿಲ್ಲಿಸಿ, ಕೆಲಸದಿಂದ ಕಿತ್ತು ಹಾಕ್ತೀನಿ.”

ಅವನು ಆಗಲೇ ಅವರ ಮುಂದೆ ನಿಂತಿದ್ದ.